ಹಾಲುಹಲ್ಲಿನ ಹೊಣೆ

ಸಂಸ್ಕೃತ ಭಾಷೆಯಲ್ಲಿ ಹಲ್ಲಿಗೆ ‘ದ್ವಿಜ’ ಎಂಬ ಹೆಸರೂ ಉಂಟು. ಹಕ್ಕಿಯು ಮೊದಲು ತತ್ತಿಯಾಗಿ, ಬಳಿಕ ಮರಿಯಾಗಿ ಎರಡು ಸಲ ಹುಟ್ಟುವಂತೆ ಹಲ್ಲು ಸಹ ಮನುಷ್ಯನ ಬಾಯಲ್ಲಿ ಎರಡು ಸಲ ಹುಟ್ಟುತ್ತದೆ ಎಂಬುದು ಈ ಹೆಸರಿನ ಇಂಗಿತ. ಮಕ್ಕಳ ಪಾಲನೆ ಮತ್ತು ಚಿಕಿತ್ಸೆಗಳನ್ನೇ ಮುಖ್ಯವಾಗಿ ಹೇಳುವ ಕಾಶ್ಯಪಸಂಹಿತೆಯಲ್ಲಿ ಹಲ್ಲು ಹುಟ್ಟುವುದನ್ನು ಕುರಿತೇ ಒಂದು ಅಧ್ಯಾಯವಿದೆ. ಮನುಷ್ಯನ 32 ಹಲ್ಲುಗಳಲ್ಲಿ 8 ಒಂದೇ ಸಲ ಹುಟ್ಟತಕ್ಕವು, ಉಳಿದವು ದ್ವಿಜಗಳು ಎಂದು ಅಲ್ಲಿಯ ಎಣಿಕೆ. ಇಂದಿನ ವೈದ್ಯರ ಎಣಿಕೆಯಂತೆ ಒಂದೇ ಸಲ ಹುಟ್ಟುವವು 12, ಎರಡು ಸಲ ಹುಟ್ಟುವವು 20. ಸಂಖ್ಯೆಯಲ್ಲಿ ಕೊಂಚ ಭೇದವಿದ್ದರೂ ಮಗುವಿನ ಬಾಯಿಯನ್ನು ಹೀಗೆ ಎಣಿಸಿ ನೋಡುವಷ್ಟು ಶ್ರದ್ಧೆ ನಮ್ಮ ಹಿಂದಿನವರಿಗಿತ್ತು ಎಂಬುದು ಗಮನಿಸತಕ್ಕ ಸಂಗತಿ.

ಈ ಎರಡು ಹುಟ್ಟುಗಳ ತಿಳಿವಳಿಕೆಯೇ ಇಂದು ನಮ್ಮ ಮನೆಗಳಲ್ಲಿ ಒಂದು ಉದಾಸೀನಕ್ಕೆ ಕಾರಣವಾಗಿದೆ. ಮಗುವಿನ ಹಲ್ಲು ಕಪ್ಪಾಯಿತು, ತೂತು ಬಿತ್ತು, ಮುಂದಿನ ಹಲ್ಲುಗಳು ಮೊಳಕೆಯಷ್ಟೇ ಉಳಿದವು ಎಂದು ಯಾರಾದರೂ ತೋರಿಸಿದರೆ ಹಿರಿಯರ ಬಾಯಿಂದ ಬರುವ ಉತ್ತರ ಒಂದೇ: “ಹಾಲುಹಲ್ಲು, ಹೇಗೂ ಬೀಳುವುದೇ ಅಲ್ಲವೇ? ಬೇರೆ ಬರುತ್ತದೆ ಬಿಡಿ.” ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇರೆ ಹಲ್ಲು ಬರುವುದು ನಿಜ. ಆದರೆ ಅದು ಬರುವವರೆಗೆ ಮಗುವು ಉಣ್ಣಬೇಕು, ನಿದ್ರಿಸಬೇಕು, ಮಾತು ಕಲಿಯಬೇಕು, ಶಾಲೆಗೆ ಹೋಗಬೇಕು. ಮೊದಲ ಹುಟ್ಟನ್ನು ಕೆಡಿಸಿದ ಮೇಲೆ ಎರಡನೆಯ ಹುಟ್ಟು ನೆಟ್ಟಗಿರುತ್ತದೆ ಎಂಬ ಭರವಸೆಯೂ ಇಲ್ಲ. ಈ ವಿಷಯವನ್ನು ಓದುಗ ಬಂಧುಗಳ ಮುಂದಿಡಬೇಕೆಂದು ನಮಗೆ ಅನಿಸಲು ನಮ್ಮ ಬಳಗದಲ್ಲಿಯೇ ನಡೆದ ಒಂದು ಪ್ರಸಂಗ ಕಾರಣವಾಯಿತು.

2022ರ ಬೇಸಿಗೆಯಲ್ಲಿ ನಾವು ಹಿರಿಯ ಅಕ್ಕನ ಊರಿಗೆ ಹೋಗಿದ್ದೆವು. ಅಕ್ಕನಿಗೆ ಎಪ್ಪತ್ತು ದಾಟಿದೆ. ಅವರ ಮೊಮ್ಮಗನಿಗೆ ಆಗ ಐದು ವರ್ಷ. ಚುರುಕಿನ ಹುಡುಗ, ಕಂಡೊಡನೆ ಓಡಿಬಂದು ಕೈಚೀಲ ಹುಡುಕುವವನು ಆ ಸಲ ಕಂಬಕ್ಕೊರಗಿ ಸುಮ್ಮನೆ ಕುಳಿತಿದ್ದ. ಎಡಗಡೆಯ ಕೆನ್ನೆ ಊದಿತ್ತು. ಊಟಕ್ಕೆ ಕುಳಿತಾಗ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟರೂ ಬಲಗಡೆಯಿಂದಲೇ ಮೆಲ್ಲಗೆ ನುಂಗುತ್ತಿದ್ದ. “ಏನಾಗೇದಪ್ಪಾ?” ಎಂದು ಕೇಳಿದೆವು. “ರಾತ್ರಿ ಹಲ್ಲು ಡಬ ಡಬ ಬಡೀತದಜ್ಜಾ” ಎಂದ. ಮೂರು ರಾತ್ರಿಗಳಿಂದ ಮಗುವಾಗಲಿ ಅದರ ತಾಯಿಯಾಗಲಿ ಕಣ್ಣು ಮುಚ್ಚಿರಲಿಲ್ಲ. ಅಷ್ಟರಲ್ಲಿ ಮನೆಮದ್ದು ಎಲ್ಲವೂ ಆಗಿದ್ದವು. ಲವಂಗದ ಎಣ್ಣೆಯಿಂದ ಒಸಡು ಸುಟ್ಟು ಬಿಳಿಚಿತ್ತು. ನೆಲಗುಳ್ಳದ ಬೀಜದ ಹೊಗೆ ಹಿಡಿದು ಹುಳು ಬೀಳಿಸಿದ್ದೂ ಆಗಿತ್ತು. ಹುಳು ಬಿದ್ದವೆಂದು ನೆರೆಯವರು ಹೇಳಿದರು. ನೋವು ಮಾತ್ರ ಹಾಗೆಯೇ ಇತ್ತು.

ಮರುದಿನ ಬೆಳಿಗ್ಗೆ ಜ್ವರ ಬಂದದ್ದರಿಂದ ತಡಮಾಡದೆ ನಗರದ ದಂತವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆವು. ಮಕ್ಕಳ ಹಲ್ಲಿನ ವಿಭಾಗದ ವೈದ್ಯೆಯೊಬ್ಬರು ತಾಳ್ಮೆಯಿಂದ ಪರೀಕ್ಷಿಸಿ, ಹುಳುಕು ಹಲ್ಲಿನ ತಿರುಳನ್ನು ಮುಟ್ಟಿ ಬೇರಿನ ಬುಡದಲ್ಲಿ ಕೀವು ಕಟ್ಟಿದೆ ಎಂದರು. ಕೀವಿಗೆ ದಾರಿಮಾಡಿ ಔಷಧ ಕೊಟ್ಟರು. ಬಾವು ಇಳಿದ ಬಳಿಕ ಎರಡು ದವಡೆಹಲ್ಲುಗಳನ್ನು ಕೀಳಬೇಕಾಯಿತು. ಇನ್ನೆರಡರ ತಿರುಳನ್ನು ಶುದ್ಧಿಮಾಡಿ, ಔಷಧ ತುಂಬಿ, ಉಕ್ಕಿನ ಟೊಪ್ಪಿಗೆ ತೊಡಿಸಿ ಉಳಿಸಿದರು. ಕಿತ್ತ ಜಾಗಕ್ಕೆ ಪಕ್ಕದ ಹಲ್ಲುಗಳು ವಾಲಿಬರದಂತೆ ತಂತಿಯ ಒಂದು ಅಡ್ಡಗಟ್ಟು ಹಾಕಿದರು.

ಆ ದಿನ ವೈದ್ಯೆಯು ನಮಗೆ ತಿಳಿಸಿದ ಸಂಗತಿಗಳು ಪ್ರತಿಯೊಂದು ಮನೆಯಲ್ಲಿಯೂ ತಿಳಿದಿರತಕ್ಕವು. ಮಗುವಿಗೆ ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ ಮೊದಲ ಹಲ್ಲು ಕಾಣಿಸುತ್ತದೆ. ಎರಡೂವರೆಯಿಂದ ಮೂರು ವರ್ಷದೊಳಗೆ 20 ಹಾಲುಹಲ್ಲುಗಳು ತುಂಬುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳತೊಡಗಿದರೂ ಹಿಂದಿನ ಹಾಲುದವಡೆಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರಬೇಕಾದವು. ಐದನೆಯ ವರ್ಷದಲ್ಲಿ ಕೆಟ್ಟ ದವಡೆಯನ್ನು ‘ಹೇಗೂ ಬೀಳುವುದು’ ಎಂದು ಬಿಟ್ಟರೆ ಮಗುವು ಇನ್ನೂ ಐದಾರು ವರ್ಷ ಆ ಕೆಟ್ಟ ಹಲ್ಲಿನಿಂದಲೇ ಅಗಿಯಬೇಕು. ಅದನ್ನು ಅಕಾಲದಲ್ಲಿ ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ಸರಿದು, ಕೆಳಗೆ ಕಾದಿರುವ ಹಲ್ಲಿಗೆ ಏಳಲು ಎಡೆ ಸಾಲದೆ ಅದು ಸೊಟ್ಟಗೆ ಏಳುತ್ತದೆ. ಹಾಲುಹಲ್ಲಿನ ಬೇರಿನ ಬುಡದಲ್ಲಿಯೇ ಎರಡನೆಯ ಹಲ್ಲಿನ ಮೊಗ್ಗು ಬೆಳೆಯುತ್ತಿರುತ್ತದೆ. ಅಲ್ಲಿ ಕೀವು ಬಹುಕಾಲ ನಿಂತರೆ ಆ ಮೊಗ್ಗಿಗೂ ಕಲೆ ತಗಲಬಹುದು. ಹಾಲುಹಲ್ಲಿನ ಮೇಲಿನ ಗಟ್ಟಿ ಹೊದಿಕೆಯಾದ ಎನಾಮಲ್ ದೊಡ್ಡವರ ಹಲ್ಲಿನದಕ್ಕಿಂತ ತೆಳುವಾದುದರಿಂದ ಹುಳುಕು ಅಲ್ಲಿ ಬೇಗ ಒಳಗಿಳಿಯುತ್ತದೆ.

ಇನ್ನೊಂದು ಮಾತನ್ನು ಅವರು ಒತ್ತಿ ಹೇಳಿದರು. ಆರನೆಯ ವರ್ಷದ ಸುಮಾರಿಗೆ ಹಾಲುದವಡೆಗಳ ಹಿಂದೆ ಮೇಲೆರಡು ಕೆಳಗೆರಡು ದೊಡ್ಡ ದವಡೆಗಳು ಸದ್ದಿಲ್ಲದೆ ಹುಟ್ಟುತ್ತವೆ. ಯಾವ ಹಲ್ಲೂ ಬೀಳದೆ ಇವು ಬರುವುದರಿಂದ ಎಷ್ಟೋ ತಂದೆತಾಯಿಗಳು ಇವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಇವು ದ್ವಿಜಗಳಲ್ಲ, ಒಂದೇ ಸಲ ಹುಟ್ಟಿ ಬಾಳಿನುದ್ದಕ್ಕೂ ಇರಬೇಕಾದವು. ‘ಬೇರೆ ಬರುತ್ತದೆ’ ಎಂಬ ಸಮಾಧಾನ ಇವುಗಳ ವಿಷಯದಲ್ಲಿ ಅರ್ಧದಷ್ಟೂ ಸತ್ಯವಲ್ಲ.

ಇನ್ನು ಹುಳುಕಿನ ಕಾರಣವನ್ನು ನೋಡೋಣ. ನಮ್ಮ ನುಡಿಯಲ್ಲಿ ‘ಹುಳುಕುಹಲ್ಲು’ ಎನ್ನುತ್ತೇವೆ. ಸುಶ್ರುತಸಂಹಿತೆಯಲ್ಲಿಯೂ ‘ಕೃಮಿದಂತಕ’ ಎಂಬ ರೋಗದ ಹೆಸರಿದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಜಗತ್ತಿನ ಅನೇಕ ದೇಶಗಳಲ್ಲಿ ಬಹುಕಾಲ ಇತ್ತು. ಫ್ರಾನ್ಸ್ ದೇಶದ ಪಿಯೆರ್ ಫೋಶಾರ್ ಎಂಬ ದಂತವೈದ್ಯನು 1728ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಬಿಕೆಯನ್ನು ಅಲ್ಲಗಳೆದನು. ಬರ್ಲಿನ್ನಿನಲ್ಲಿದ್ದ ಮಿಲ್ಲರ್ ಎಂಬ ಅಮೆರಿಕದ ವಿದ್ವಾಂಸನು 1890ರಲ್ಲಿ ಹುಳುಕಿನ ನಿಜವಾದ ಬಗೆಯನ್ನು ವಿವರಿಸಿದನು. ಹೊಗೆ ಹಿಡಿದಾಗ ಬಟ್ಟಲಿನ ನೀರಿಗೆ ಬೀಳುವ ‘ಹುಳುಗಳು’ ಸುಟ್ಟ ಬೀಜದೊಳಗಿನ ಬಿಳಿಯ ಮೊಳಕೆಗಳೇ ಹೊರತು ಹಲ್ಲಿನಿಂದ ಬಂದವಲ್ಲ.

ಹಾಗಾದರೆ ಹಲ್ಲನ್ನು ತಿನ್ನುವುದು ಯಾವುದು? ಬಾಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸದಾ ಇರುತ್ತವೆ. ಹಲ್ಲಿನ ಮೇಲೆ ಜಿಗುಟಾದ ಪೊರೆಯಂತೆ ಅವು ಹರಡಿಕೊಳ್ಳುತ್ತವೆ. ನಾವು ತಿಂದ ಸಕ್ಕರೆಯನ್ನು ಅವೂ ತಿಂದು ಆಮ್ಲವನ್ನು, ಎಂದರೆ ಹುಳಿಯನ್ನು, ಉಂಟುಮಾಡುತ್ತವೆ. ಆ ಹುಳಿಯು ಎನಾಮಲ್‌ನಲ್ಲಿರುವ ಸುಣ್ಣದ ಅಂಶವನ್ನು ಕರಗಿಸುತ್ತದೆ. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಈ ಕೆಲಸ ಮೊದಲಾಗುತ್ತದೆ. ಬಾಯ ಜೊಲ್ಲು ಆ ಹುಳಿಯನ್ನು ತೊಳೆದು, ಕರಗಿದ ಸುಣ್ಣವನ್ನು ಮರಳಿ ಹಲ್ಲಿಗೆ ಸೇರಿಸುತ್ತದೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೇಕು. ಹೀಗೆ ಕರಗುವುದು ಕೂಡುವುದು ದಿನವೂ ನಡೆದಿರುತ್ತದೆ. ಕೂಡಿಕೊಳ್ಳಲು ಬಿಡುವು ಕೊಡದೆ ಮತ್ತೆ ಮತ್ತೆ ಸಿಹಿ ತಿಂದರೆ ಕರಗುವುದೇ ಮೇಲಾಗಿ ಹಲ್ಲು ಸೋಲುತ್ತದೆ.

ಆದ್ದರಿಂದ ಎಷ್ಟು ಸಿಹಿ ತಿಂದಿತು ಎಂಬಂತೆಯೇ ಎಷ್ಟು ಸಲ ತಿಂದಿತು ಎಂಬುದನ್ನೂ ನೋಡಬೇಕು. ಸ್ವೀಡನ್ ದೇಶದ ವಿಪೆಹೋಲ್ಮ್ ಎಂಬಲ್ಲಿ 1945ರಿಂದ ಕೆಲವು ವರ್ಷಗಳ ಕಾಲ ಈ ಕುರಿತು ಪ್ರಯೋಗ ನಡೆಯಿತು. ತಮ್ಮ ಒಪ್ಪಿಗೆಯನ್ನು ಹೇಳಲಾರದ ಬುದ್ಧಿಮಾಂದ್ಯರ ಮೇಲೆ ನಡೆಸಿದ ಆ ಪ್ರಯೋಗ ಧರ್ಮವಾದುದಲ್ಲ. ಮುಂದೆ ಅದು ಬಹಳ ನಿಂದೆಗೂ ಗುರಿಯಾಯಿತು. ಆದರೂ 1954ರಲ್ಲಿ ಪ್ರಕಟವಾದ ಅದರ ಫಲಿತಾಂಶವನ್ನು ಮರೆಯುವಂತಿಲ್ಲ. ಊಟದೊಂದಿಗೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುನಡುವೆ ಹಲ್ಲಿಗಂಟುವ ಟಾಫಿ ತಿಂದವರಲ್ಲಿ ಅದು ಬಹಳವಾಗಿ ಹೆಚ್ಚಿತು.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಿರಿಯರು ಆಗಾಗ ಕೇಳುವ ಪ್ರಶ್ನೆಗೂ ಉತ್ತರ ದೊರೆಯುತ್ತದೆ. “ನಮ್ಮ ಕಾಲದಲ್ಲಿ ಬ್ರಷ್ ಇರಲಿಲ್ಲ, ಪೇಸ್ಟ್ ಇರಲಿಲ್ಲ, ನಮ್ಮ ಹಲ್ಲು ಕೆಟ್ಟವೇ?” ಎಂದು ಕೇಳುತ್ತಾರೆ. ನಾವು ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. 1970ರ ಆಸುಪಾಸಿನ ಮಾತು. ನಸುಕಿನಲ್ಲೆದ್ದು ಬೇವಿನ ಕಡ್ಡಿ ಮುರಿದು, ತುದಿಯನ್ನು ಅಗಿದು ಕುಂಚ ಮಾಡಿಕೊಂಡು, ಹಲ್ಲು ತಿಕ್ಕಿ ಬಾಯಿ ತೋರಿಸಿದ ಮೇಲೆಯೇ ನಮಗೆ ಮುಂದಿನ ಕೆಲಸ. ರಾತ್ರಿ ಹಲ್ಲುಜ್ಜುವ ಪಾಠ ಅಲ್ಲಿರಲಿಲ್ಲ. ಆದರೆ ಅಲ್ಲಿ ಸಿಹಿ ಎಂಬುದು ಹಬ್ಬಕ್ಕೆ, ಜಾತ್ರೆಗೆ ಬರುತ್ತಿತ್ತು. ಹೋಳಿಗೆ, ಮಾದಲಿ, ಸಜ್ಜಕಗಳನ್ನು ಪಂಕ್ತಿಯಲ್ಲಿ ಕುಳಿತು ಊಟದೊಡನೆ ಉಣ್ಣುತ್ತಿದ್ದೆವು. ಊಟವಾದ ಮೇಲೆ ಬಾಯಿ ಮುಕ್ಕಳಿಸಿ ಎದ್ದರೆ ಮತ್ತೆ ಮುಂದಿನ ಊಟದವರೆಗೆ ಬಾಯಿಗೆ ಬೀಳುವುದು ನೀರು ಮಾತ್ರ. ಅಂದಿನ ಹಲ್ಲುಗಳನ್ನು ಕಾಯ್ದದ್ದು ಬೇವಿನ ಕಡ್ಡಿಯೊಂದೇ ಅಲ್ಲ. ಊಟ ಊಟಗಳ ನಡುವಿನ ಆ ಬಿಡುವು. ಇಂದು ಕಡ್ಡಿಯೂ ಹೋಯಿತು, ಬಿಡುವೂ ಹೋಯಿತು.

ಇಂದಿನ ಮಗುವಿನ ದಿನಚರಿಯನ್ನು ನೋಡಿ. ಎದ್ದೊಡನೆ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಶಾಲೆಯ ಡಬ್ಬಿಯಲ್ಲಿ ಕೆನೆ ತುಂಬಿದ ಬಿಸ್ಕತ್ತು, ಮರಳಿ ಬಂದೊಡನೆ ಅಂಗಡಿಯ ಚಾಕಲೇಟು, ಸಂಜೆ ಸಿಹಿಪಾನೀಯ, ಮಲಗುವಾಗ ಸಕ್ಕರೆ ಹಾಕಿದ ಹಾಲು. ದಿನಕ್ಕೆ ಏಳೆಂಟು ಸಲ ಹುಳಿಯ ದಾಳಿ. ಪೊಟ್ಟಣದ ಹಣ್ಣಿನ ರಸವೂ ಈ ಲೆಕ್ಕಕ್ಕೆ ಸೇರಿದ್ದೇ. ಸಕ್ಕರೆಗೆ ಬದಲು ಬೆಲ್ಲ ಕೊಟ್ಟರೆ ದೋಷವಿಲ್ಲ ಎಂದು ಹಲವರು ನಂಬಿದ್ದಾರೆ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಅದೇ ಸಕ್ಕರೆ. ಜೇನಿನಲ್ಲಿರುವುದೂ ಸಕ್ಕರೆಯ ಜಾತಿಯೇ. ಹಲ್ಲಿನ ಮಟ್ಟಿಗೆ ಇವೆಲ್ಲ ಒಂದೇ.

ಇವೆಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ರಾತ್ರಿಯ ಬಾಟಲಿ. ನಿದ್ರೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ರಿಸುವ ಮಗುವಿನ ಮೇಲಿನ ಮುಂಭಾಗದ ಹಲ್ಲುಗಳ ಸುತ್ತ ಸಿಹಿಹಾಲು ರಾತ್ರಿಯೆಲ್ಲ ನಿಂತಿರುತ್ತದೆ. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಗೆಯ ಮರೆ ಇರುವುದರಿಂದ ಅವು ಉಳಿದು, ಮೇಲಿನವು ಮೊದಲು ಕೆಡುತ್ತವೆ. ನಮ್ಮ ಅಕ್ಕನ ಮೊಮ್ಮಗ ಮೂರು ವರ್ಷದವರೆಗೂ ಬಾಟಲಿಯೊಡನೆ ಮಲಗುತ್ತಿದ್ದನಂತೆ. ಆ ಬಳಿಕ ಅಜ್ಜಿಯ ಸೆರಗಿನ ಗಂಟಿನಲ್ಲಿ ಅವನಿಗಾಗಿ ಏನಾದರೊಂದು ಸಿಹಿ ಸದಾ ಇರುತ್ತಿತ್ತು.

ವೈದ್ಯೆಯು ಇದನ್ನೆಲ್ಲ ಕೇಳಿ ಯಾರನ್ನೂ ದೂರಲಿಲ್ಲ. “ಇನ್ನು ಮೇಲೆ ನಡುನಡುವೆ ಸಿಹಿ ಬೇಡ ಅಜ್ಜಿ” ಎಂದಷ್ಟೇ ಹೇಳಿದರು. ಅಲ್ಲಿ ತಲೆಯಾಡಿಸಿದ ಅಕ್ಕ ಮನೆಗೆ ಬಂದ ಮೇಲೆ ಕಣ್ಣೊರೆಸಿಕೊಳ್ಳುತ್ತ ನಮ್ಮೊಡನೆ ಹೇಳಿದ ಮಾತು ಇದು: “ತಮ್ಮಾ, ಕೂಸಿಗೆ ಒಂದು ಬೆಲ್ಲದ ಚೂರು ಕೊಡಾಕೂ ಡಾಕ್ಟರನ್ನ ಕೇಳಬೇಕೇನು? ದುಡಿಯಾಕ ಆಗೂದಿಲ್ಲ, ಅಡಿಗಿ ಮನಿ ಸೊಸಿ ಕೈಯಾಗ ಐತಿ. ಇದೊಂದೂ ಬ್ಯಾಡಂದ್ರ ಈ ಮುದುಕಿ ಕೈಯಾಗ ಆ ಕೂಸಿಗೆ ಕೊಡಾಕ ಇನ್ನೇನು ಉಳೀತು?”

ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ವೃದ್ಧಾಪ್ಯದಲ್ಲಿ ಕೊಡುವ ಕೈ ಬರಿದಾಗುತ್ತ ಬರುತ್ತದೆ. ಮೊಮ್ಮಗು ಓಡಿಬಂದು ಮಡಿಲು ಹುಡುಕುವಾಗ ಅಲ್ಲಿ ಏನೋ ಒಂದು ಇರಲಿ ಎಂಬ ಆಸೆ ಸಹಜವಾದುದು. ಸಿಹಿಯ ಹಿಂದಿರುವ ಆ ಅಂತಃಕರಣವನ್ನು ಅರಿಯದೆ “ಕೊಡಬೇಡಿ” ಎಂದು ಗದರಿದರೆ ಅಜ್ಜಿಯ ಮನಸ್ಸು ಮುರಿಯುತ್ತದೆ, ಸಿಹಿ ಮಾತ್ರ ಕದ್ದುಮುಚ್ಚಿ ನಡೆದೇ ಇರುತ್ತದೆ. ಕೊಡುವ ಕೈಗೆ ಬೇರೊಂದು ಕೊಡುಗೆಯನ್ನು ತೋರಿಸಬೇಕು. ಅದು ಯಾವುದೆಂದು ನಮಗೆ ಆಸ್ಪತ್ರೆಯಲ್ಲಿಯೇ ಹೊಳೆದಿತ್ತು. ಏಕೆಂದರೆ ಅಲ್ಲಿಯ ವೈದ್ಯೆಯು, ಮಗುವಿಗೆ ಏಳೆಂಟು ವರ್ಷವಾಗುವವರೆಗೆ ಅದರ ಹಲ್ಲನ್ನು ದೊಡ್ಡವರೇ ಉಜ್ಜಬೇಕು ಎಂದು ಹೇಳಿದ್ದರು. ಚಿಕ್ಕ ಮಕ್ಕಳ ಕೈಗೆ ಹಿಂದಿನ ಹಲ್ಲುಗಳ ಸಂದುಗೊಂದುಗಳನ್ನು ಮುಟ್ಟುವ ಹದ ಇನ್ನೂ ಬಂದಿರುವುದಿಲ್ಲ. ಬ್ರಷ್ಷನ್ನು ಮಗುವಿನ ಕೈಗೆ ಕೊಟ್ಟು “ಹಲ್ಲುಜ್ಜಿಕೋ” ಎಂದರೆ ಅದು ಪೇಸ್ಟನ್ನು ಚೀಪಿ ಓಡಿಬರುತ್ತದೆ. ತಾಯಿಗೆ ಬೆಳಿಗ್ಗೆಯೂ ರಾತ್ರಿಯೂ ನೂರು ಕೆಲಸ. ಬಿಡುವಿರುವುದು, ತಾಳ್ಮೆಯಿರುವುದು ಅಜ್ಜ ಅಜ್ಜಿಯರಿಗೆ.

“ಅಕ್ಕಾ, ರಾತ್ರಿ ಅವನ ಹಲ್ಲು ತಿಕ್ಕೂದು ಇನ್ನು ಮ್ಯಾಲೆ ನಿನ್ನ ಕೆಲಸ” ಎಂದೆವು. ಮೊದಲ ಕೆಲವು ದಿನ ಹುಡುಗ ಹಟ ಮಾಡಿದನಂತೆ. ಬರಬರುತ್ತ ರೂಢಿಯಾಯಿತು. ಊಟವಾದ ಮೇಲೆ ಅಕ್ಕ ಗೋಡೆಗೊರಗಿ ಕುಳಿತು, ಅವನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು, ಬಾಯೊಳಗೆ ಬೆಳಕು ಬೀಳುವಂತೆ ಮಾಡಿಕೊಂಡು ಮೇಲಿನ ಸಾಲು, ಕೆಳಗಿನ ಸಾಲು, ಒಳಮೈ, ಹೊರಮೈ ಎಂದು ಉಜ್ಜುತ್ತಾರೆ. ಕೈ ಆಡುತ್ತಿರುವಾಗ ಬಾಯಿ ಕಥೆ ಹೇಳುತ್ತಿರುತ್ತದೆ. ಬಾಯ್ತೆರೆದ ಹುಡುಗ ನಡುವೆ ಪ್ರಶ್ನೆ ಕೇಳುವಂತಿಲ್ಲವಾದ್ದರಿಂದ ಕಥೆ ನಿರ್ವಿಘ್ನವಾಗಿ ಸಾಗುತ್ತದೆ ಎಂದು ಅಕ್ಕ ನಗುತ್ತಾರೆ. ಹಬ್ಬದಲ್ಲಿ ಹೋಳಿಗೆಯೂ ಪಂಚಮಿಯಲ್ಲಿ ಉಂಡಿಯೂ ಆ ಮನೆಯಲ್ಲಿ ನಿಂತಿಲ್ಲ. ಅವು ಊಟದ ತಾಟಿಗೆ ಬಂದಿವೆ. ಸೆರಗಿನ ಗಂಟಿನಲ್ಲಿ ಈಗ ಹುರಿಗಡಲೆ, ಶೇಂಗಾ ಇರುತ್ತವೆ. ಆ ಹುಡುಗನಿಗೆ ಆರನೆಯ ವರ್ಷದಲ್ಲಿ ಬಂದ ನಾಲ್ಕು ದವಡೆಗಳೂ ಇಂದಿಗೂ ನಿರ್ಮಲವಾಗಿವೆ. ಆದರೆ ಐದು ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಶೇಂಗಾ, ಹುರಿಗಡಲೆಗಳಂಥ ಗಟ್ಟಿ ಕಾಳುಗಳನ್ನು ಇಡಿಯಾಗಿ ಕೊಡಬಾರದು, ಗಂಟಲಿಗೆ ಸಿಲುಕಬಹುದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅವರಿಗೆ ಬಾಳೆಹಣ್ಣು, ಪೇರಲದ ಮೆದು ಹೋಳು, ಮೊಸರು ಸಾಕು.

ತಾಯಂದಿರೂ ಅಜ್ಜಿಯರೂ ನೆನಪಿಡಬೇಕಾದ ಕೆಲವು ವಿಧಿಗಳನ್ನು ಇಲ್ಲಿ ಸಂಗ್ರಹವಾಗಿ ಹೇಳಬಹುದು. ಹಲ್ಲು ಹುಟ್ಟುವ ಮೊದಲೇ, ಹಾಲು ಕುಡಿಸಿದ ಬಳಿಕ ಶುಚಿಯಾದ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಸಡನ್ನು ಮೆಲ್ಲಗೆ ಒರೆಸುವ ರೂಢಿ ಇಟ್ಟುಕೊಳ್ಳಬೇಕು. ಬಾಯಿಗೆ ಕೈ ತಾಗುವುದು ಮಗುವಿಗೆ ಒಗ್ಗುತ್ತದೆ. ಮೊದಲ ಹಲ್ಲು ಕಂಡ ದಿನದಿಂದ ಮೆತ್ತಗಿನ ಸಣ್ಣ ಬ್ರಷ್ಷಿನಿಂದ ದಿನಕ್ಕೆ ಎರಡು ಸಲ ಉಜ್ಜಬೇಕು. ಮಲಗುವ ಮುನ್ನ ಉಜ್ಜಿದ ಮೇಲೆ ನೀರಲ್ಲದೆ ಬೇರೇನನ್ನೂ ಕೊಡಬಾರದು. ಎರಡು ಸಲ ಎಂಬುದು ಹೊಸ ಮಾತೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ದಂತಧಾವನವನ್ನು ಹೇಳುವಾಗ ಕಡ್ಡಿಯ ತುದಿಯನ್ನು ಜಜ್ಜಿಕೊಂಡು, ದಿನದಲ್ಲಿ ಎರಡು ಹೊತ್ತು, ಒಸಡಿಗೆ ನೋವಾಗದಂತೆ ಉಜ್ಜಬೇಕೆಂದೇ ವಿಧಿಸಿದೆ. ಇಂದಿನ ವೈದ್ಯರು ಹೇಳುವುದೂ ಇದನ್ನೇ. ಬೂದಿ, ಇದ್ದಲಿ, ಇಟ್ಟಿಗೆಯ ಪುಡಿಗಳಂಥ ಒರಟು ವಸ್ತುಗಳು ಮಕ್ಕಳ ತೆಳು ಎನಾಮಲ್ಲನ್ನು ಸವೆಸುತ್ತವೆಯಾದ್ದರಿಂದ ಅವು ಬೇಡ.

ಪೇಸ್ಟಿನ ವಿಷಯದಲ್ಲಿ ಎರಡು ಮಾತು. ಫ್ಲೋರೈಡ್ ಇರುವ ಪೇಸ್ಟು ಹಲ್ಲಿನ ಹೊದಿಕೆಯನ್ನು ಬಲಪಡಿಸಿ, ಕರಗಿದ ಭಾಗವನ್ನು ಮರಳಿ ಕೂಡಿಸಲು ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇದನ್ನು ಅವಶ್ಯಕ ಔಷಧಗಳ ಪಟ್ಟಿಗೇ ಸೇರಿಸಿತು. ಆದರೆ ಅಳತೆ ಮುಖ್ಯ. ಮೂರು ವರ್ಷದೊಳಗಿನ ಮಗುವಿಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದ ಮಗುವಿಗೆ ಒಂದು ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತುಗಳಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಹಾಕತಕ್ಕದ್ದಲ್ಲ. ಉಜ್ಜಿದ ಮೇಲೆ ನೊರೆಯನ್ನು ಉಗುಳಿಸಬೇಕು. ಹೆಚ್ಚು ನೀರಿನಿಂದ ಮುಕ್ಕಳಿಸಿದರೆ ಔಷಧವೂ ಕೊಚ್ಚಿಹೋಗುತ್ತದೆ.

ನಮ್ಮ ನಾಡಿನ ಕೆಲವು ಭಾಗಗಳ ಓದುಗರು ಇಲ್ಲಿ ಸಂದೇಹಪಡುವುದು ಸಹಜ. ಪಾವಗಡ, ಮುಂಡರಗಿ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು, ಕೊಪ್ಪಳದ ಕಡೆಯ ಅನೇಕ ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಭಾರತೀಯ ಮಾನಕ ಬ್ಯೂರೋ ವಿಧಿಸಿದಂತೆ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನಲ್ಲಿ ಬಿಳಿ, ಕಂದು ಕಲೆಗಳು ಮೂಡುತ್ತವೆ. ಇನ್ನೂ ಹೆಚ್ಚಾದರೆ ಎಲುಬುಗಳೂ ಪೆಡಸಾಗುತ್ತವೆ. ಒಂದೇ ವಸ್ತು ಅಳತೆಯಲ್ಲಿ ಔಷಧ, ಅಳತೆ ಮೀರಿದರೆ ವಿಷ. ಅಂಥ ಊರುಗಳಲ್ಲಿ ಮಕ್ಕಳಿಗೆ ಶುದ್ಧೀಕರಿಸಿದ ನೀರನ್ನು ಕುಡಿಸಬೇಕು. ಪೇಸ್ಟಿನ ವಿಷಯವನ್ನು ದಂತವೈದ್ಯರಲ್ಲಿ ಕೇಳಿ ನಿರ್ಧರಿಸಬೇಕು.

ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿಯನ್ನೆತ್ತಿ ಬೆಳಕಿನಲ್ಲಿ ನೋಡಿರಿ. ಒಸಡಿನ ಅಂಚಿನಲ್ಲಿ ಸುಣ್ಣದಂತೆ ಬಿಳಿಯ ಗೆರೆ ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ನೋವಿಲ್ಲ, ತೂತಿಲ್ಲ. ಸಿಹಿಯನ್ನು ತಗ್ಗಿಸಿ, ಸರಿಯಾಗಿ ಉಜ್ಜಿ, ವೈದ್ಯರಿಂದ ಫ್ಲೋರೈಡ್ ಲೇಪ ಹಾಕಿಸಿದರೆ ಹಲ್ಲು ಮರಳಿ ಗಟ್ಟಿಯಾಗಬಲ್ಲದು. ನೋವು ಬಂದ ಮೇಲೆ ವೈದ್ಯರನ್ನು ಕಾಣುವುದು ಮನೆಗೆ ಬೆಂಕಿ ಹತ್ತಿದ ಮೇಲೆ ಬಾವಿ ತೋಡಿದಂತೆ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ, ಬಳಿಕ ಅವರು ಹೇಳಿದಂತೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತೋರಿಸುತ್ತಿರಬೇಕು. ಆರನೆಯ ವರ್ಷದ ದವಡೆಗಳ ಮೇಲಿನ ಆಳವಾದ ಗೀರುಗಳನ್ನು ಮುಚ್ಚುವ ಲೇಪವೂ ಇದೆ, ಕೇಳಿ ಹಾಕಿಸಿಕೊಳ್ಳಬಹುದು. ಕೆನ್ನೆ ಊದಿ ಜ್ವರ ಬಂದರೆ ಮಾತ್ರ ಒಂದು ದಿನವೂ ಕಾಯತಕ್ಕದ್ದಲ್ಲ. ಆ ಕೀವು ಮುಖದ ಬೇರೆ ಭಾಗಗಳಿಗೂ ಹರಡಿ ಜೀವಕ್ಕೆ ಅಪಾಯ ತರಬಲ್ಲದು.

ಹಣವಿಲ್ಲವೆಂದು ಹಿಂಜರಿಯಬೇಕಾದ ಕಾರಣವಿಲ್ಲ. ದಾವಣಗೆರೆ, ಧಾರವಾಡ, ಬೆಳಗಾವಿ, ಮಂಗಳೂರು, ಬೆಂಗಳೂರುಗಳಂಥ ನಗರಗಳಲ್ಲಿ ದಂತವೈದ್ಯಕೀಯ ಕಾಲೇಜುಗಳಿವೆ. ಅವುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಹಲ್ಲಿನ ತೊಂದರೆಯೂ ಆ ಪರೀಕ್ಷೆಯಲ್ಲಿ ಸೇರಿದೆ. ತಂಡ ಬಂದ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಕಳುಹಿಸಿ, ಅವರು ಬರೆದುಕೊಟ್ಟ ಚೀಟಿಯನ್ನು ಜೋಪಾನ ಮಾಡಿ ಮುಂದಿನ ಚಿಕಿತ್ಸೆ ಮಾಡಿಸುವುದು ತಂದೆತಾಯಿಗಳ ಕರ್ತವ್ಯ.

ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಹೊರತಂದ ವರದಿಯಂತೆ ಜಗತ್ತಿನಲ್ಲಿ 51 ಕೋಟಿಗೂ ಮಿಕ್ಕ ಮಕ್ಕಳ ಹಾಲುಹಲ್ಲುಗಳು ಹುಳುಕು ಹಿಡಿದಿವೆ. ಇಷ್ಟು ದೊಡ್ಡ ಸಂಖ್ಯೆಯನ್ನು ಕೇಳಿದಾಗ ಮನಸ್ಸು ಅದನ್ನು ಹಿಡಿಯಲಾರದು. ಆದರೆ ಇದು ಮನೆಮನೆಯಲ್ಲಿ ತಡೆಯಬಹುದಾದ ರೋಗ. ಬೆಳಿಗ್ಗೆ ಎರಡು ನಿಮಿಷ, ರಾತ್ರಿ ಎರಡು ನಿಮಿಷ, ಊಟಗಳ ನಡುವೆ ಹಲ್ಲಿಗೊಂದು ಬಿಡುವು, ಇಷ್ಟೇ ಇದರ ಬೆಲೆ. ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆಯನ್ನು ಮುದುಕರಿಗಾಗಿ ಹೇಳುತ್ತ ಬಂದಿದ್ದೇವೆ. ಐದು ವರ್ಷದ ಕೂಸಿನ ವಿಷಯದಲ್ಲಿ ಅದನ್ನು ಹೇಳುವ ಪ್ರಸಂಗ ಯಾರ ಮನೆಗೂ ಬಾರದಿರಲಿ.

ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ಪದ್ಧತಿ ನಮ್ಮ ಊರುಗಳಲ್ಲಿದೆ. ಎಸೆಯುವಾಗ ಮಕ್ಕಳಿಗೆ ಎಷ್ಟು ಉತ್ಸಾಹ! ಆ ಉತ್ಸಾಹ ನಮ್ಮ ಎಲ್ಲ ಮಕ್ಕಳದಾಗಲಿ. ಆದರೆ ಹಾಗೆ ಎಸೆಯುವ ಹಲ್ಲು ನೋವಿನಿಂದ ಕಿತ್ತದ್ದಾಗಿರದೆ, ತನ್ನ ಕೆಲಸ ಮುಗಿಸಿ, ತನ್ನ ಕಾಲಕ್ಕೆ, ತಾನಾಗಿ ಕಳಚಿದ್ದಾಗಿರಲಿ. ಅದು ಮಗುವಿನ ಕೈಯಲ್ಲಿಲ್ಲ. ಮನೆಯ ಹಿರಿಯರಾದ ನಮ್ಮ ನಿಮ್ಮ ಕೈಯಲ್ಲಿದೆ.